ಕುಬಸದ ಕ್ಯಾಸೆಟ್ಟಿನ ದಾವೆ

ಬೈಲಹೊಂಗಲದ ಕೋರ್ಟಿಗೆ ನಾನು ಕಪ್ಪು ಕೋಟು ಹಾಕಿಕೊಂಡು ಹೋಗತೊಡಗಿದಾಗ ಅಲ್ಲಿ ವಕೀಲಿ ಮಾಡುವ ಹೆಂಗಸರು ಬೇರೆ ಯಾರೂ ಇರಲಿಲ್ಲ. ವಕೀಲರ ಕೋಣೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯೊಂದನ್ನು ನನಗೆಂದು ಬಿಟ್ಟಿದ್ದರು. ಗೌರವಕ್ಕೋ, ದೂರ ಇರಲೆಂದೋ, ನನಗೆ ಕೊನೆಯವರೆಗೂ ತಿಳಿಯಲಿಲ್ಲ. ನಮ್ಮ ಕೆಲಸವೆಂದರೆ ಬಹುತೇಕ ಹೊಲದ ಬದು, ಅಣ್ಣತಮ್ಮಂದಿರ ಪಾಲು, ಜೀವನಾಂಶ. ಅಂಥದ್ದರಲ್ಲಿ ಒಮ್ಮೆ ಸಿನಿಮಾದ ಮೇಲೆ ದಾವೆ ಹೂಡಬೇಕಾಗಿ ಬಂತು. ಈಗ ಯಾರ ಮುಖ ಯಾರ ಮೊಬೈಲಿಗೆ ಹೋಗುತ್ತದೋ ಹೇಳಲಾಗದ ಕಾಲ. ಹೊಸದಾಗಿ ವೃತ್ತಿಗೆ ಬಂದವರು ಅಂಥ ಪ್ರಕರಣ ಹಿಡಿದುಕೊಂಡು ನನ್ನ ಮನೆಗೇ ಬಂದು ಕೇಳುತ್ತಾರೆ. ಪ್ರತಿ ಸಲ ಅರ್ಧಮರ್ಧ ಹೇಳಿ ಕಳಿಸಿದ್ದೇನೆ. ಪೂರ್ತಿ ನಡೆದದ್ದು ಇಲ್ಲಿದೆ.

ನನ್ನ ಸೀನಿಯರ್ ಕುಲಕರ್ಣಿ ವಕೀಲರ ಬಗ್ಗೆ ಮೊದಲು ಹೇಳಬೇಕು. ಅವರಿಗೆ ಕೋರ್ಟಿಗಿಂತ ಕೋರ್ಟಿನ ಹೊರಗೆ ಮುಗಿಸುವುದರಲ್ಲಿ ನಂಬಿಕೆ ಹೆಚ್ಚು. ನಾನು ಹೊಸಬಳಿದ್ದಾಗ ಕಿತ್ತೂರಿನ ಒಬ್ಬ ತಂದೆ ಬಂದಿದ್ದ. ಮಗಳು ಪರೀಕ್ಷೆಯ ಅರ್ಜಿಗೆಂದು ತೆಗೆಸಿದ ಫೋಟೋವನ್ನು ಸ್ಟುಡಿಯೋದವನು ದೊಡ್ಡದು ಮಾಡಿ ಅಂಗಡಿಯ ಗಾಜಿನೊಳಗೆ ತೂಗುಹಾಕಿದ್ದ. ಹುಡುಗಿಗೆ ದಾರಿಯಲ್ಲಿ ಓಡಾಡುವುದೇ ಕಷ್ಟವಾಗಿತ್ತು. ನಾನು ನೋಟಿಸು ಬರೆಯಲು ಕಾಗದ ತೆಗೆದೆ. ಸೀನಿಯರ್ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದರು. ಸ್ಟುಡಿಯೋದೊಳಗೆ ಹೋಗಿ, "ನಿಮ್ಮ ಮಗಳ ಫೋಟೋನೂ ಇದರ ಬಾಜೂಕ ಹಚ್ಚರಿ, ಚಂದ ಕಾಣತೈತಿ" ಎಂದರಂತೆ. ಫೋಟೋ ಅಲ್ಲಿಯೇ ಕೆಳಗಿಳಿಯಿತು. ಹಿಂದಿರುಗಿದ ಮೇಲೆ ನನಗೆ ಹೇಳಿದರು: "ಬಂದಾವಂಗ ಏನ ಬೇಕಾಗೇತಿ ಅನ್ನೂದನ್ನ ಮೊದಲ ಕೇಳ. ಕಾನೂನು ಏನ ಕೊಡತೈತಿ ಅನ್ನೂದು ಆಮ್ಯಾಲೆ."

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಸೋಮವಾರ ಮಧ್ಯಾಹ್ನ ಸುವರ್ಣಾ ಎಂಬ ಹೆಣ್ಣುಮಗಳು ಅಣ್ಣನ ಜೊತೆ ನಮ್ಮ ಆಫೀಸಿಗೆ ಬಂದಳು. ತವರು ಕಿತ್ತೂರು, ಗಂಡನ ಮನೆ ರಾಮದುರ್ಗ. ಸುರೇಬಾನದ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಗಂಡ ಮಲ್ಲಿಕಾರ್ಜುನ ಸೈನ್ಯದಲ್ಲಿದ್ದ. ಆಗ ಗಡಿಯ ಕಡೆ ಎಲ್ಲೋ ಇದ್ದು ಅಪರೂಪಕ್ಕೆ ಫೋನು ಮಾಡುತ್ತಿದ್ದ. ಅಣ್ಣ ಮಾತಾಡಲು ಬಾಯಿ ತೆರೆದ. ಆಕೆ ಕೈ ಅಡ್ಡ ಹಿಡಿದು ತಾನೇ ಶುರು ಮಾಡಿದಳು.

"ಮೇಡಂ, ನಾ ಸಿನಿಮಾದಾಗ ಭಾವಿಗೆ ಬಿದ್ದು ಸತ್ತೇನಂತ್ರಿ. ಸಾಲ್ಯಾಗ ಹುಡುಗೂರು ಕೇಳಾಕತ್ತಾವು. ಅಕ್ಕೋರ, ನೀವು ಸತ್ತಿದ್ರೆಲ್ರಿ, ಮತ್ತ ಹೆಂಗ ಬಂದ್ರಿ ಅಂತ."

ಆಕೆ ನಗಲಿಲ್ಲ, ಅಳಲೂ ಇಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯುತ್ತಲೇ ಇದ್ದಳು.

ಐದಾರು ವರ್ಷದ ಹಿಂದೆ ಆಕೆ ಬಸುರಿಯಾಗಿದ್ದಾಗ ರಾಮದುರ್ಗದ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದ್ದರು. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ ಕಟ್ಟಿಸಿಕೊಂಡು ಕುಳಿತ ಆಕೆಗೆ ಮನೆಯವರು ಉಡಿ ತುಂಬಿದ್ದನ್ನು ಅದೇ ಊರಿನ ವಿಡಿಯೋ ಪ್ರಕಾಶ ಕ್ಯಾಸೆಟ್ಟಿನಲ್ಲಿ ತೆಗೆದಿದ್ದ. ಈಗ ಒಂದು ಸಿನಿಮಾದಲ್ಲಿ ಖಳನಾಯಕ ಕುಡಿಯುತ್ತ ಟಿವಿಯ ಮುಂದೆ ಕುಳಿತು ಅದೇ ಕ್ಯಾಸೆಟ್ಟು ನೋಡುತ್ತಾನೆ. ಟಿವಿ ಬರಬರುತ್ತ ಪರದೆಯ ತುಂಬ ಆಗುತ್ತದೆ. ಅದರಲ್ಲಿ ಸುವರ್ಣಾ. "ಇವಳ ಹೊಟ್ಟೆಯಲ್ಲಿರುವುದು ನನ್ನ ಕೂಸು" ಎನ್ನುತ್ತಾನೆ ಖಳ. ಕಥೆಯಲ್ಲಿ ಆ ಹೆಂಗಸು ಆಮೇಲೆ ಬಾವಿಗೆ ಹಾರುತ್ತಾಳೆ. ತಂಗಿಯಾದ ನಾಯಕಿ ಸೇಡು ತೀರಿಸಿಕೊಳ್ಳುತ್ತಾಳೆ. ಸಿನಿಮಾದವರು ರಾಮದುರ್ಗದ ಹತ್ತಿರದ ತೊರಗಲ್ ಕೋಟೆಯಲ್ಲಿ ಹಾಡು ತೆಗೆಯಲು ಬಂದಿದ್ದರಂತೆ. ರಾಮದುರ್ಗದ ಟಾಕೀಜಿನಲ್ಲಿ ಆ ಸಿನಿಮಾ ನಡೆಯುತ್ತಿತ್ತು. ಬರುವ ಶುಕ್ರವಾರ ಬೈಲಹೊಂಗಲ, ಸವದತ್ತಿಗೆ ಬರುವುದಿತ್ತು.

"ಗಂಡ ವರ್ಷಗಟ್ಟಲೆ ಊರಾಗ ಇಲ್ಲದಾಕಿ ನಾನು. ಜನ ಏನಂತ ಮಾತಾಡಬಾರದ್ರಿ?" ಎಂದಳು. "ಮಾಮಾರು ನನ್ನ ತವರಿಗೆ ಕಳಿಸ್ಯಾರ್ರಿ. ಮಗಳನ್ನ ಇಟ್ಕೊಂಡಾರ. ಮಾತು ತಣ್ಣಗಾಗೂತನ ಬರಬ್ಯಾಡ ಅಂದಾರ."

ಕುಲಕರ್ಣಿ ವಕೀಲರು ಕನ್ನಡಕ ತೆಗೆದಿಟ್ಟು, "ನಿಮಗ ಏನಾಗಬೇಕವಾ?" ಎಂದರು.

"ಶುಕ್ರವಾರ ಆ ಸಿನಿಮಾದಾಗ ನನ್ನ ಮಾರಿ ಇರಬಾರದ್ರಿ. ನನ್ನ ಮಗಳು ನನ್ನ ಕಡೆ ಬರಬೇಕು."

ಆಕೆ ಹೊರಗೆ ಕುಳಿತ ಮೇಲೆ ನಾವಿಬ್ಬರೂ ಒಂದೊಂದೇ ದಾರಿ ನೋಡಿದೆವು. ಮಾನಹಾನಿಯ ಖಾಸಗಿ ಫಿರ್ಯಾದು ಕೊಡಬಹುದು. ಅದು ಮುಗಿಯುವಷ್ಟರಲ್ಲಿ ಆಕೆಯ ಮಗಳ ಮದುವೆ ಬಂದಿರುತ್ತದೆ. ಸೆನ್ಸಾರ್ ಪ್ರಮಾಣಪತ್ರ ರದ್ದು ಮಾಡಿರೆಂದು ಹೈಕೋರ್ಟಿಗೆ ಹೋಗಬಹುದು. ಬೆಂಗಳೂರಿನಲ್ಲಿ ವಕೀಲರನ್ನು ಹಿಡಿಯುವುದರೊಳಗೆ ಶುಕ್ರವಾರ ದಾಟುತ್ತದೆ. ಒಬ್ಬರ ಖಾಸಗಿ ಬದುಕನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದೆಂದು ಸುಪ್ರೀಂ ಕೋರ್ಟು ಅಷ್ಟೊತ್ತಿಗೆ ಹೇಳಿತ್ತು. ಆದರೆ ಅದಕ್ಕೊಂದು ಕಾಯಿದೆ ಇರಲಿಲ್ಲ. "ಒಳ್ಳೆ ಮಾತು ಹಿಡಕೊಂಡು ಹೋಗ್ತೀ, ಮುಂದಿನ ತಾರೀಖು ಹಿಡಕೊಂಡು ಬರ್ತೀ" ಎಂದರು ಸೀನಿಯರ್.

ನಾನು ಕಾಪಿರೈಟ್ ಕಾಯಿದೆಯ ಪುಸ್ತಕ ಹುಡುಕಿ ತೆಗೆದೆ. ಅದನ್ನು ಬೈಲಹೊಂಗಲದಲ್ಲಿ ಯಾರೂ ತೆರೆದಿರಲಿಲ್ಲ; ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಪ್ರತಿಫಲ ಕೊಟ್ಟು ಒಬ್ಬರು ತೆಗೆಸಿದ ಚಿತ್ರದ ಮೊದಲ ಮಾಲೀಕರು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಎಂದು ಅದರಲ್ಲಿತ್ತು. ಕ್ಯಾಮೆರಾ ಯಾರದೆಂಬುದು ಮುಖ್ಯವಲ್ಲ. ದಾವೆಯನ್ನು ವಾದಿ ಇರುವ ಜಿಲ್ಲೆಯ ಕೋರ್ಟಿನಲ್ಲೇ ಹಾಕಬಹುದು. ಅಂದರೆ ಬೆಳಗಾವಿ. ಸೀನಿಯರ್ ಎರಡು ಸಲ ಓದಿದರು. ಸುವರ್ಣಾಳನ್ನು ಒಳಗೆ ಕರೆದು ಕೇಳಿದರು.

"ಅವತ್ತ ಪ್ರಕಾಶಗ ಹೇಳಿ ವಿಡಿಯೋ ಮಾಡಿಸಿದವ್ರು ಯಾರವಾ?"

"ನಮ್ಮ ಮಾಮಾರ್ರಿ."

ಆಕೆಯ ಮುಖವನ್ನು ತಡೆಯಬೇಕಾದರೆ, ಆಕೆಯನ್ನು ಮನೆಯಿಂದ ಕಳಿಸಿದ ಮಾವನೇ ಮೊದಲ ವಾದಿಯಾಗಿ ಸಹಿ ಮಾಡಬೇಕಾಗಿತ್ತು.

ಮರುದಿನ ನಾನೊಬ್ಬಳೇ ರಾಮದುರ್ಗಕ್ಕೆ ಹೋದೆ. ಮಾವ ರುದ್ರಪ್ಪ ಮಾರ್ಕೆಟ್ಟಿನಲ್ಲಿ ರೈತರ ಮಾಲು ಮಾರಿಸುವ ಅಡತಿ ಅಂಗಡಿ ಇಟ್ಟವರು; ಶೇಂಗಾ, ಗೋವಿನಜೋಳದ ಚೀಲಗಳ ನಡುವೆ ಗಾದಿಯ ಮೇಲೆ ಕುಳಿತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮುಖ ಗಂಟಿಕ್ಕಿತು. ಹಮಾಲರನ್ನು ಹೊರಗೆ ಕಳಿಸಿದರು.

"ಕುಂದರ್ರಿ ವಕೀಲ ಬಾಯಾರ. ಚಹಾ ಕುಡೀರಿ, ಹೋಗ್ರಿ. ಕೋರ್ಟು ಗೀರ್ಟು ನಮಗ ಬ್ಯಾಡ."

"ಸೊಸೆ ತಪ್ಪು ಏನೈತ್ರಿ?"

"ಕ್ಯಾಸೆಟ್ಟು ತಾನಾಗೆ ನಡಕೊಂತ ಸಿನಿಮಾದವ್ರ ಕಡೆ ಹೋತೇನ್ರಿ? ಬ್ಯಾಡ ಅಂದ್ರೂ ಸಾಲಿ ಅಕ್ಕೋರಿಗೆ ನೋಡಾಕ ಒಯ್ದು ಕೊಟ್ಟಿದ್ಲು. ಅಲ್ಲಿಂದ ಎಲ್ಲಿಗೆ ಹೋತು, ಯಾರು ಕಾಪಿ ಮಾಡಿದ್ರು? ಈಗ ನಾ ಪ್ಯಾಟ್ಯಾಗ ತಲಿ ಎತ್ತಿ ತಿರುಗದಂಗ ಆಗೇತಿ."

"ನೀವು ಸಿನಿಮಾ ನೋಡೀರೇನ್ರಿ?"

"ನಾ ಯಾಕ ನೋಡ್ಲಿ? ಮಂದಿ ಹೇಳಿದ್ದ ಸಾಲದಾಗೇತೇನು?"

ಜಗಳಕ್ಕೆ ನಿಂತರೆ ಕೆಲಸ ಕೆಡುತ್ತದೆಂದು ನನಗೆ ಗೊತ್ತಾಯಿತು. "ಸಹಿ ಮಾಡ್ರಿ ಅಂತ ನಾ ಈಗ ಕೇಳೂದಿಲ್ರಿ. ಪ್ರಮಾಣ ಮಾಡಿ ಹೇಳೂದು ಕಣ್ಣಾರೆ ಕಂಡದ್ದಿರಬೇಕು. ಮಧ್ಯಾಹ್ನದ ಆಟಕ್ಕ ನನ್ನ ಜೋಡಿ ಬರ್ರಿ. ನೋಡಿದ ಮ್ಯಾಲೆ ಬ್ಯಾಡ ಅಂದ್ರ ನಾ ಬಸ್ಸು ಹತ್ತಿ ಹೋಗತೇನಿ" ಎಂದೆ.

ರುದ್ರಪ್ಪ ಗಲ್ಲಾಪೆಟ್ಟಿಗೆಗೆ ಕೀಲಿ ಹಾಕಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಸುತ್ತಿ ಮುಖ ಅರ್ಧ ಮುಚ್ಚಿಕೊಂಡು ಎದ್ದರು.

ಟಾಕೀಜಿನ ಬಾಗಿಲ ಬಳಿ, ಸಿನಿಮಾದ ದೃಶ್ಯಗಳ ಫೋಟೋ ಕಾರ್ಡುಗಳನ್ನು ಹಚ್ಚಿದ ಹಲಗೆ ಇತ್ತು. ಅವರು ಅದರ ಕಡೆ ಕಣ್ಣೆತ್ತಲಿಲ್ಲ. ನಾವು ಹಿಂದಿನ ಸಾಲಿನಲ್ಲಿ ಕುಳಿತೆವು. ಮುಂದಿನವರು ಶೇಂಗಾ ಸಿಪ್ಪೆ ಉಗುಳುತ್ತ ಹಾಡಿಗೆ ಸೀಟಿ ಹೊಡೆಯುತ್ತಿದ್ದರು. ರುದ್ರಪ್ಪ ಕಂಬದಂತೆ ಕುಳಿತಿದ್ದರು. ಆ ದೃಶ್ಯ ಬಂತು. ಗ್ಲಾಸು, ಟಿವಿ, ಹಸಿರು ಸೀರೆಯ ಸುವರ್ಣಾ. ಖಳ ತನ್ನ ಮಾತು ಹೇಳಿದ. ನಾನು ಅಷ್ಟನ್ನೇ ಕೇಳಿ ತಿಳಿದಿದ್ದೆ. ಅದು ಮುಂದುವರಿಯಿತು. ಚೌಕಟ್ಟಿನಲ್ಲಿ ಪೇಟ ಸುತ್ತಿಕೊಂಡು ನಗುತ್ತ ನಿಂತ ರುದ್ರಪ್ಪನವರೇ ಬಂದರು. ಖಳ ಬೆರಳು ಮಾಡಿ, "ಈ ಮುದುಕನನ್ನು ನೋಡು, ಮೊಮ್ಮಗು ಬರುತ್ತದೆಂದು ಕುಣಿಯುತ್ತಿದ್ದಾನೆ" ಎಂದ. ಟಾಕೀಜು ನಕ್ಕಿತು. ಆಮೇಲೆ ಒಬ್ಬ ವಯಸ್ಸಾದ ಹೆಣ್ಣುಮಗಳು ಆರತಿ ತಟ್ಟೆ ಹಿಡಿದು ಸೊಸೆಯ ಮುಂದೆ ಬಾಗಿದಳು.

"ನಮ್ಮಾಕಿ" ಎಂದರು ರುದ್ರಪ್ಪ.

ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತೆಂದು ಸುವರ್ಣಾ ನನಗೆ ಹೇಳಿದ್ದಳು. ಪರದೆಯ ಮೇಲೆ ಆಕೆ ಏನೋ ಹೇಳಿ ಸೊಸೆಯನ್ನು ನಗಿಸುತ್ತಿದ್ದಳು, ಧ್ವನಿ ಇರಲಿಲ್ಲ. ಖಳ ಗ್ಲಾಸು ಎತ್ತಿದ. "ಈ ಮುದುಕಿಗೆ ಎಲ್ಲ ಗೊತ್ತು. ನನಗೆ ಹಿತ್ತಲ ಬಾಗಿಲು ತೆಗೆದವಳೇ ಇವಳು." ಮುಂದಿನ ಸಾಲುಗಳಿಂದ ಸೀಟಿ, ಕೇಕೆ ಎದ್ದವು.

ರುದ್ರಪ್ಪ ಎದ್ದು ನಿಂತರು. ಕತ್ತಲಲ್ಲಿ ಎರಡೂ ಕೈ ಮೇಲೆತ್ತಿ, "ಏ ಬಂದ್ ಮಾಡ್ರೋ! ಬಂದ್ ಮಾಡ್ರೋ ಅದನ್ನ!" ಎಂದು ಕೂಗಿದರು. ಯಾರೋ "ಕುಂದರೋ ಮುದುಕಾ" ಎಂದ. ಅವರು ಕುರ್ಚಿ ದಾಟಿ ಆ ಕಡೆ ನುಗ್ಗಲು ಹೋದರು. ನಾನು ತೋಳು ಗಟ್ಟಿಯಾಗಿ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಅವತ್ತು ಅವರು ಒಂದು ಏಟು ಹೊಡೆದಿದ್ದರೂ ಪೊಲೀಸ್ ಕೇಸಾಗಿ ನಮ್ಮ ದಾವೆ ಮುಗಿದಂತೆಯೇ ಇತ್ತು.

ಬಿಸಿಲಿನಲ್ಲಿ ನಿಂತು ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಮತ್ತೆ ಅದನ್ನು ತಲೆಗೆ ಸುತ್ತಿಕೊಳ್ಳಲಿಲ್ಲ.

"ಎಲ್ಲಿ ಸಹಿ ಮಾಡಬೇಕ್ರಿ?" ಎಂದರು.

ಮೊದಲು ಪ್ರಕಾಶನ ಸ್ಟುಡಿಯೋಕ್ಕೆ ಹೋದೆವು. ಅವನು ನಮ್ಮನ್ನು ನೋಡಿದವನೇ ಹಿಂಬಾಗಿಲಿಗೆ ಸರಿಯುತ್ತಿದ್ದ. "ನಿಲ್ಲೋ" ಎಂದರು ರುದ್ರಪ್ಪ. "ಒಂದ ಮಾತು ಹೇಳು. ಕ್ಯಾಸೆಟ್ಟು ಸಿನಿಮಾದವ್ರಿಗೆ ಕೊಟ್ಟಾವ ಯಾರು?"

ಅವನು ಗೋಡೆ ಹಿಡಿದು ನಿಂತ. "ನಾನ ಕೊಟ್ನಿರಿ ಕಾಕಾ. ಮೊದಲ ತೆಗೆದ ಕ್ಯಾಸೆಟ್ಟು ನನ್ನ ಕಡೇನ ಇತ್ತು. ಸುಮ್ನ ಹಿಂದ ಟಿವಿಯಾಗ ಒಂದೀಟು ಬರತೈತಿ ಅಂದ್ರು. ಕ್ಯಾಮೆರಾ ನಂದು, ಕ್ಯಾಸೆಟ್ಟು ನಂದು, ಯಾರನ್ನ ಕೇಳೂದೈತಿ ಅಂದಕೊಂಡೆ. ಹಿಂಗ ಮಾತು ಕೂಡಿಸ್ತಾರಂತ ಗೊತ್ತಿರಲಿಲ್ರಿ."

ರುದ್ರಪ್ಪ ಅವನನ್ನು ಬೈಯಲಿಲ್ಲ. ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತು ತಮ್ಮಷ್ಟಕ್ಕೆ, "ಆಕಿ ಕೊಟ್ಟಿರಲಿಲ್ಲ" ಎಂದರು. ಸಂಜೆಯೇ ಮೊಮ್ಮಗಳನ್ನು ಕರೆದುಕೊಂಡು ನನ್ನ ಜೊತೆ ಕಿತ್ತೂರಿನ ಕಡೆ ಹೊರಟರು. ಬಾಗಿಲಲ್ಲಿ ಸುವರ್ಣಾ ಕಂಡಾಗ ಆ ಕೂಸು ಅಜ್ಜನ ಕೈ ಬಿಡಿಸಿಕೊಂಡು ಓಡಿತು. ಮಾವ ಹೊಸ್ತಿಲ ಹೊರಗೇ ನಿಂತು, "ಮಲ್ಲುನ ಫೋನು ಬಂದ್ರ ನಾನ ಎಲ್ಲಾ ಹೇಳತೇನವಾ. ನೀ ಏನೂ ಹೇಳಬ್ಯಾಡ" ಎಂದರು. ಆಕೆ ಮಗಳನ್ನು ಎತ್ತಿಕೊಂಡು, "ನಾನೂ ಹೇಳತೇನ್ರಿ ಮಾಮಾರ. ಅದು ನನ್ನ ಮ್ಯಾಲಿನ ಮಾತು" ಎಂದಳು. ಅವರು ತಲೆ ಆಡಿಸಿದರು.

ದಾವೆಯಲ್ಲಿ ಮಾವ ಒಂದನೆಯ ವಾದಿ, ಕೃತಿಸ್ವಾಮ್ಯಕ್ಕಾಗಿ. ಸೊಸೆ ಎರಡನೆಯ ವಾದಿ, ಮಾನಕ್ಕೂ ಖಾಸಗಿ ಬದುಕಿಗೂ. ಟೈಪ್‌ರೈಟರ್ ಕಾಲ, ಒಂದು ಅಕ್ಷರ ತಪ್ಪಿದರೆ ಕಾರ್ಬನ್ ಪ್ರತಿಯಲ್ಲೆಲ್ಲ ತಿದ್ದಬೇಕು. ಸಾಕ್ಷಿಯೆಂದು ರಾಮದುರ್ಗದ ಟಾಕೀಜಿನ ಮಾಲೀಕರಿಂದ ಒಂದು ಫೋಟೋ ಕಾರ್ಡು ಕೇಳಿ ತಂದಿದ್ದೆ. ಅದರಲ್ಲಿ ಖಳನ ಎದುರಿನ ಟಿವಿಯಲ್ಲಿ ಆರತಿ ತಟ್ಟೆ ಹಿಡಿದ ಅತ್ತೆ ಕಾಣುತ್ತಿದ್ದಳು. ಕಿರಿಯರಿಗೆ ಇದೊಂದು ಮಾತು ಹೇಳಬೇಕು: ಮೊದಲು ಕಣ್ಣಿಗೆ ಕಾಣುವ ಸಾಕ್ಷಿಯನ್ನು ಕೈಗೆ ತೆಗೆದುಕೊಳ್ಳಿ. ನೋಟಿಸು ಹೋದ ಮೇಲೆ ಅದು ಅಲ್ಲಿರುವುದಿಲ್ಲ.

ಗುರುವಾರ ಬೆಳಗಾವಿಯ ಜಿಲ್ಲಾ ಕೋರ್ಟಿನಲ್ಲಿ ನಮ್ಮ ಅರ್ಜಿ ಬಂದಾಗ ಮಧ್ಯಾಹ್ನ ಇಳಿದಿತ್ತು. ವಿತರಕರ ಪರವಾಗಿ ಅಲ್ಲಿಯ ಹೆಸರಾಂತ ವಕೀಲರೊಬ್ಬರು ಹೇಗೋ ಸುದ್ದಿ ತಿಳಿದು ಬಂದು ನಿಂತಿದ್ದರು. "ಸಿನಿಮಾಕ್ಕೆ ಸೆನ್ಸಾರ್ ಪ್ರಮಾಣಪತ್ರವಿದೆ. ಕ್ಯಾಸೆಟ್ಟನ್ನು ತೆಗೆದವನೇ ಒಪ್ಪಿ ಕೊಟ್ಟಿದ್ದಾನೆ. ಈ ಸಣ್ಣ ಫೋಟೋದಲ್ಲಿ ಕಾಣುವುದು ಯಾವ ಮನೆಯ ಕುಬಸವಾದರೂ ಆಗಬಹುದು. ಹಸಿರು ಸೀರೆ, ಆರತಿ ಯಾರ ಮನೆಯಲ್ಲಿಲ್ಲ?" ಎಂದರು. ಸುಲಭವಾಗಿ ತಳ್ಳಿಹಾಕುವ ವಾದವಲ್ಲ.

ಪ್ರಕಾಶ ಬಂದಿದ್ದ. ತಾನು ಯಾರ ಮಾತಿನ ಮೇಲೆ ತೆಗೆದೆ, ಯಾರಿಂದ ಪ್ರತಿಫಲ ಪಡೆದೆ, ಯಾರನ್ನು ಕೇಳದೆ ಕೊಟ್ಟೆ ಎಂಬುದನ್ನು ಅಫಿಡವಿಟ್ಟಿನಲ್ಲಿ ಹೇಳಿದ್ದ. ನ್ಯಾಯಾಧೀಶರು ಅದನ್ನು ಓದಿ, "ಕ್ಯಾಸೆಟ್ಟನ್ನು ನಾನೇ ನೋಡಬೇಕು" ಎಂದರು. ಬಾಡಿಗೆಯ ಟಿವಿ, ವಿಸಿಆರ್ ತಂದು ಮೇಜಿನ ಮೇಲಿಟ್ಟಿದ್ದೆವು. ರುದ್ರಪ್ಪನವರ ಮನೆಯಲ್ಲಿದ್ದ ಕ್ಯಾಸೆಟ್ಟನ್ನು ಪ್ರಕಾಶ ಅದರೊಳಗೆ ತಳ್ಳಿದ. ಪರದೆ ಒಮ್ಮೆ ಬೆಳಗಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನುಗಳು ನಿಧಾನವಾಗಿ ನಿಂತವು. ಕಾದೆವು. ಕರೆಂಟು ಬರಲಿಲ್ಲ. ವಿತರಕರ ವಕೀಲರು, "ಸೋಮವಾರಕ್ಕೆ ಇಡಬಹುದು, ಅವಸರವೇನಿದೆ?" ಎಂದರು. ಸೋಮವಾರದ ಹೊತ್ತಿಗೆ ಬೈಲಹೊಂಗಲ, ಸವದತ್ತಿ ಎರಡೂ ಊರು ಆಕೆಯನ್ನು ನೋಡಿರುತ್ತಿದ್ದವು. ನ್ಯಾಯಾಧೀಶರು ಗಡಿಯಾರದ ಕಡೆ ನೋಡಿ ಪೆನ್ನಿನ ಮುಚ್ಚಳ ಹಾಕಿದರು. ಕೈಯಲ್ಲಿದ್ದ ಕಾಯಿದೆಯ ಪುಸ್ತಕ ಆಗ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ.

"ಸಾಹೇಬ್ರ" ಎಂದು ಹಿಂದಿನಿಂದ ಪ್ರಕಾಶನ ಧ್ವನಿ. "ನನ್ನ ಕ್ಯಾಮೆರಾ ಬ್ಯಾಟರಿ ಮ್ಯಾಲೆ ನಡೀತೈತ್ರಿ. ಕ್ಯಾಸೆಟ್ಟು ಅದರಾಗ ಹಾಕಿದ್ರ ಕಣ್ಣಿಡೂ ಜಾಗಾದಾಗ ಚಿತ್ರ ಕಾಣತೈತಿ."

ಮರುದಿನ ಒಂದು ಮದುವೆಯಿದ್ದುದರಿಂದ ಹೆಗಲ ಮೇಲಿನ ಆ ದೊಡ್ಡ ಕ್ಯಾಮೆರಾವನ್ನು ಅವನು ಜೊತೆಗೇ ತಂದಿದ್ದ. ವಿತರಕರ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು, "ನೀವೂ ಬಂದು ನೋಡಿ" ಎಂದಷ್ಟೇ ಹೇಳಿ ಕನ್ನಡಕ ಹಣೆಗೇರಿಸಿ ಕ್ಯಾಮೆರಾಕ್ಕೆ ಕಣ್ಣಿಟ್ಟರು. ಕೋರ್ಟಿನಲ್ಲಿ ಕ್ಯಾಸೆಟ್ಟು ಸುತ್ತುವ ಸದ್ದು ಮಾತ್ರ ಕೇಳುತ್ತಿತ್ತು. ಸುವರ್ಣಾ ನೆಲ ನೋಡುತ್ತ ಕುಳಿತಿದ್ದಳು.

"ನಿಲ್ಲಿಸು" ಎಂದರು ನ್ಯಾಯಾಧೀಶರು. ಫೋಟೋ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮತ್ತೆ ಕ್ಯಾಮೆರಾಕ್ಕೆ ಕಣ್ಣಿಟ್ಟರು. ತಲೆ ಎತ್ತಿ ರುದ್ರಪ್ಪನವರನ್ನು ಕೇಳಿದರು: "ಆರತಿ ಮಾಡುವವರು ಯಾರು?"

"ನನ್ನ ಹೇಂತಿರೀ. ಈಗಿಲ್ರಿ."

"ಅವರ ಬೆರಳಿಗೆ ಏನೋ ಸುತ್ತಿದೆಯಲ್ಲ?"

ರುದ್ರಪ್ಪ ತಮ್ಮ ತೋರುಬೆರಳು ಹಿಡಿದು ತೋರಿಸಿದರು. "ಅವತ್ತ ಮುಂಜಾನಿ ಹೋಳಿಗಿಗೆ ಕೊಬ್ರಿ ತುರಿಯೂಮುಂದ ಬೆರಳು ಕೊಯ್ದಿತ್ರಿ ಸಾಹೇಬ್ರ. ಅರಿಷಿಣ ಹಚ್ಚಿ ಅರಿವಿ ನಾನ ಕಟ್ಟಿದ್ದೆ."

ಕಾರ್ಡಿನಲ್ಲಿಯೂ ಆರತಿ ತಟ್ಟೆಯ ಅಂಚಿನಲ್ಲಿ ಆ ಬಿಳಿ ಬಟ್ಟೆಯ ಗಂಟು ಕಾಣುತ್ತಿತ್ತು. ನಾನು ಅದನ್ನು ಎಷ್ಟು ಸಲ ನೋಡಿದ್ದೆನೋ, ಗಮನಿಸಿರಲಿಲ್ಲ. ವಿತರಕರ ವಕೀಲರು ತಾವೂ ಕಣ್ಣಿಟ್ಟು ನೋಡಿ ತಮ್ಮ ಕುರ್ಚಿಗೆ ಹೋಗಿ ಕುಳಿತರು. ನ್ಯಾಯಾಧೀಶರು ಪೆನ್ನಿನ ಮುಚ್ಚಳ ತೆಗೆದರು. ಆ ದೃಶ್ಯವಿರುವ ತನಕ ಸಿನಿಮಾವನ್ನು ಎಲ್ಲಿಯೂ ತೋರಿಸಕೂಡದೆಂದು ಮಧ್ಯಂತರ ತಡೆಯಾಜ್ಞೆಯಾಯಿತು. ಅದರ ಪ್ರತಿ ಕೈಗೆ ಬರುವಷ್ಟರಲ್ಲಿ ನಕಲು ವಿಭಾಗದವರು ಮೇಣಬತ್ತಿ ಹಚ್ಚಿದ್ದರು.

ಶುಕ್ರವಾರ ಬೈಲಹೊಂಗಲದ ಟಾಕೀಜಿನ ಮುಂದೆ ಜನ ಸೇರಿದ್ದರು. ಸವದತ್ತಿಗೆ ಕುಲಕರ್ಣಿ ವಕೀಲರು ತಾವೇ ಹೋಗಿದ್ದರು. ಬೈಲಹೊಂಗಲದ ಮ್ಯಾನೇಜರು ಆಜ್ಞೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಆಟ ನಿಲ್ಲಿಸಿದ್ರ ಮಂದಿ ಕುರ್ಚಿ ಮುರೀತಾರ್ರಿ" ಎಂದ. ಆಪರೇಟರ್ ದಸ್ತಗೀರಸಾಬರು ಆಗಲೇ ರೀಲು ಹೊರಗೆ ತೆಗೆಯುತ್ತಿದ್ದರು. "ಆಟ ಯಾಕ ನಿಲ್ಲಿಸ್ತೀರಿ, ಅಷ್ಟ ತುಂಡು ತೆಗದ್ರಾತು" ಎಂದು ಕತ್ತರಿ ತೆಗೆದುಕೊಂಡರು. ತುಂಡನ್ನು ಸುತ್ತಿ ಲಕೋಟೆಯಲ್ಲಿ ಹಾಕಿ ಕೋರ್ಟಿಗೆ ಕೊಡಲು ನನ್ನ ಕೈಗಿತ್ತರು. ನನ್ನ ಜೊತೆ ಬಂದಿದ್ದ ಸುವರ್ಣಾಗೆ ಅದು ಸಾಲಲಿಲ್ಲ. "ನಾ ಒಳಗ ಕುಂತು ನೋಡತೇನ್ರಿ" ಎಂದಳು.

ಕಡೆಯ ಸಾಲಿನಲ್ಲಿ ನಾವಿಬ್ಬರೂ ಕುಳಿತೆವು. ಖಳ ಟಿವಿಯ ಮುಂದೆ ಕುಳಿತ, ಗ್ಲಾಸು ಎತ್ತಿದ. ಆಕೆಯ ಉಗುರು ನನ್ನ ಮುಂಗೈಗೆ ನಾಟಿತು. ಪರದೆ ಒಮ್ಮೆ ನಡುಗಿ ಸೀದಾ ಹೊಲದಲ್ಲಿ ಓಡುವ ನಾಯಕಿಗೆ ಹಾರಿತು. "ಏ, ಕಟ್ ಮಾಡ್ಯಾರೋ!" ಎಂದು ಜನ ಸೀಟಿ ಹೊಡೆದರು. ಸುವರ್ಣಾ ನನ್ನ ಕೈ ಬಿಟ್ಟು ಕುರ್ಚಿಗೆ ಒರಗಿದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ನಾನು ಆಕೆಯ ಕಣ್ಣೀರು ನೋಡಿದ್ದು ಅದೊಂದೇ ಸಲ.

ಆ ವಾರದ ಕೊನೆಗೆ ಗಂಡನ ಫೋನು ಬಂತಂತೆ. ಮಾವ, ಸೊಸೆ ಇಬ್ಬರೂ ಮಾತಾಡಿದರಂತೆ. ಏನು ಮಾತೆಂದು ನಾನು ಕೇಳಲಿಲ್ಲ. ಅವನು ರಜೆಯಲ್ಲಿ ಬಂದಾಗ ಮೂವರೂ ನಮ್ಮ ಆಫೀಸಿಗೆ ಬಂದು ಚಹಾ ಕುಡಿದು ಹೋದರು.

ನಿರ್ಮಾಪಕರು ಆಮೇಲೆ ರಾಜಿಗೆ ಬಂದರು. ಎಲ್ಲ ಪ್ರತಿಗಳಿಂದ ದೃಶ್ಯ ತೆಗೆಯುವುದು, ಪತ್ರಿಕೆಯಲ್ಲಿ ಕ್ಷಮೆ ಕೇಳುವುದು, ಕ್ಯಾಸೆಟ್ಟು ಹಿಂದಿರುಗಿಸುವುದು ಎಂದಾಯಿತು. ಕ್ಷಮೆಯ ಕರಡಿನಲ್ಲಿ "ಯಾರಿಗಾದರೂ ನೋವಾಗಿದ್ದರೆ" ಎಂದಿತ್ತು. ಸುವರ್ಣಾ ಮಕ್ಕಳ ಪಾಟಿ ತಿದ್ದುವಂತೆ ಅದನ್ನು ಹೊಡೆದುಹಾಕಿ "ನೋವಾಗಿದೆ" ಎಂದು ಬರೆದಳು. ಹಾಗೆಯೇ ಅಚ್ಚಾಯಿತು.

ರಾಜಿಯಾದ ಮೇಲೆ ರುದ್ರಪ್ಪ ಒಂದು ದಿನ ಸೊಸೆಯನ್ನು ಕರೆದುಕೊಂಡು ಬಂದು, "ವಕೀಲ ಬಾಯಾರ, ಕಾನೂನಿನ್ಯಾಗ ಆ ಕ್ಯಾಸೆಟ್ಟು ನಂದು ಅಂದ್ರೆಲ್ಲ. ಅದನ್ನ ಇಕಿ ಹೆಸರಿಗೆ ಮಾಡಿಕೊಡ್ರಿ. ದಾವೇಕ ನನ್ನ ಸಹಿ ಬೇಕಾತು, ಆದರ ಮಾರಿ ಇಕೀದು" ಎಂದರು.

ನನ್ನ ವೃತ್ತಿಯಲ್ಲಿ ನಾನು ಬರೆದ ಹಕ್ಕು ವರ್ಗಾವಣೆಗಳಲ್ಲಿ ಹೊಲ, ಮನೆ, ಹಿತ್ತಿಲು ಅಲ್ಲದ್ದು ಅದೊಂದೇ. ಸಹಿ ಮಾಡಿ ಕ್ಯಾಸೆಟ್ಟನ್ನು ಆಕೆಯ ಕೈಗೆ ಕೊಟ್ಟರು. ಆಕೆ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಈಗ ನಂದ ಏನ್ರಿ ಮಾಮಾರ?"

"ನಿಂದ. ಸುಡು, ಇಟ್ಕೋ, ನಿನ್ನ ಮನಸ್ಸು."

ಆಕೆ ಅದನ್ನು ಚೀಲದಲ್ಲಿಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು.

"ಹಂಗಾರ ಲಗೂ ನಡೀರಿ, ಬಸ್ಸು ಹೋಗತೈತಿ" ಎಂದಳು. "ಮನಿಗೆ ಹೋಗಿ ಅತ್ತ್ಯಾರನ್ನ ನೋಡೂಣು."